ಕಾಲು ಮುಂದಾಗಿ ಹುಟ್ಟಿದಾಕಿ

ಅದನ್ನ ಎಷ್ಟ್ ಸಲ ಕೇಳ್ತೀಯೋ ಪ್ರೇಮ್ಯಾ! ನನಗೇನ್ ಗೊತ್ತು, ಅಂಜಲಿ ಟೊಂಕಾ ಯಾವಾಗಿಂದ ನೋಯಾಕತ್ತಿತ್ತಂತ? ನಿನ್ನ ಮಗಳು, ನಿನಗ ಗೊತ್ತಿರಬೇಕು. ನಾ ಬರೇ ಆಯಿ... ಮನ್ಯಾಗ ಬಿದ್ದಿರೂ ಮುದುಕಿ. ರಾಣೆಬೆನ್ನೂರಿನಿಂದ ಬಂದಾಗಿಂದ ಆ ಎಕ್ಸರೇ ಹಾಳಿ ಬೆಳಕಿಗೆ ಹಿಡದು ಕುಂತೀದಿ. ನೋಡಿದ್ರ ಎಲುಬು ಕೂಡ್ತೈತೇನು? ಇಡು ಕೆಳಗ.

ಮತ್ತೊಮ್ಮಿ ಹೇಳು, ಡಾಕ್ಟರ್ ಏನಂದ? ...ಹಿಂದಕ ಬಾಗಿ ಬಾಗಿ ಟೊಂಕದ ಎಲುಬಿಗೆ ಬಿರುಕು. ಮೂರ್ನಾಕ ತಿಂಗಳದ್ದು. ನೋವು ಬಂದಾಗಲೇ ಆಟ ಬಿಡಿಸಿ ಮಲಗಿಸಿದ್ರ ಕೂಡಿಬಿಡತಿತ್ತು... ಈಗ ಪಟ್ಟಾ ಕಟಗೊಂಡು ಇರಬೇಕು, ಮತ್ತ ಪಲ್ಟಿ ಹೊಡೀತಾಳೋ ಇಲ್ಲೋ ಹೇಳಾಕ ಬರೂದಿಲ್ಲ... ಹದಿಮೂರು ವರ್ಷದ ಹುಡುಗಿಗೆ! ಏನ್ ಗತಿ ಬಂತೋ ಯಪ್ಪಾ.

ನನ್ನ ಕೇಳಿದ್ರ ಎಲ್ಲಾ ಆ ಶಾನವಾಜ ಮಾಸ್ತರಂದು. ಹಾವೇರ್ಯಾಗ ಜಿಮ್ನಾಸ್ಟಿಕ್ ಕಲಸ್ತೀನಂತ ಹುಡುಗರನ್ನ ಹಸಿ ಬರಲ ಬಗ್ಗಿಸಿದಂಗ ಬಗ್ಗಸ್ತಾನ. ಏನು? 'ಎಲ್ಲೆರ ನೋವು ಐತೇನು' ಅಂತ ದಿನಾ ಕೇಳ್ತಿದ್ನಂತ? ಹೌದೌದು, ಈಗ ಹೇಳ್ತಾನ! ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಕೊಂಡ್ನಂತ. ...ಬರದ ಇಟ್ಟಾನ? ದಿನಾ ಆಕಿ 'ಇಲ್ಲ ಸರ್' ಅಂದದ್ದು ಬರದ ಇಟ್ಟಾನ? ಹಂಗಾರ ಆಕಿಗೆ 'ಇಲ್ಲ' ಅನ್ನಾಕ ಯಾರೋ ಕಲಿಸ್ಯಾರ. ಅವ್ರನ್ನ ಹುಡುಕು! ನಿನ್ನ ಹೇಣ್ತಿನ್ನ ಕೇಳು. ರಾಜ್ಯಮಟ್ಟಕ್ಕ ಹೋಗಬೇಕು, ಪೇಪರಿನ್ಯಾಗ ಫೋಟೋ ಬರಬೇಕು ಅಂತ ಹಾರ್ಯಾಡಿದಾಕಿ ಆಕಿ.

ಯಾಕ ನಗತಿ? ...ನಗಲಿಲ್ಲಾ? ನಕ್ಕಂಗ ಅನಸ್ತು.

ನನ್ನ ಕಾಲ ಯಾಕ ನೋಡ್ತೀಯೋ ಮತ್ತ? ಹೌದು, ನಾ ಕಾಲು ಮುಂದಾಗಿ ಹುಟ್ಟಿದಾಕಿ, ಅಂಥವ್ರು ಒದ್ದರ ಚಳಕ ಬಿಡತೈತಿ. ಟೊಂಕಕ್ಕ ಚಳಕ ಹಿಡೀತಂದ್ರ ಮೋಟೆಬೆನ್ನೂರಾಗ ಯಾರ ಮನಿಗೆ ಬರ್ತಾರ, ಕೇಳಿ ನೋಡು. ಉಡಚಪ್ಪ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲಾ ಎತ್ತಾಕ ಹೋಗಿ, ಬಾಗಿದಾಂವ ಬಾಗಿದಂಗ ಬಂದಾ. ಹೊಸ್ತಲ ಮ್ಯಾಲ ಬಕ್ಕಬೋರಲ ಮಲಗಿಸಿ ಎಡಗಾಲ್ಲೆ ಮೂರು ಸಲ ಒದ್ದೆ, ನೆಟ್ಟಗ ನಡಕೊಂಡು ಹೋದಾ! ದೊಡ್ಡವ್ರಿಗಷ್ಟ ಜೋರ ಒದೀತೇನಿ. ಸಣ್ಣ ಹುಡುಗರಿಗೆ ಬರೇ ಹಿಮ್ಮಡ ಮುಟ್ಟಸ್ತೇನಿ, ಹಗರಕ... ಯಾವ ಸಣ್ಣ ಹುಡುಗರಿಗೆ? ಯಾವ್ದರ ಹುಡುಗರಿಗೆ! ಮಾತಿಗಂದೆ.

ಏನರ ಅನ್ನೋ! ಬಾಯಾಗ ಕಡುಬ ಇಟಗೊಂಡ ಕುಂತೀದೇನು?

...ಆತು. ಗೊತ್ತಾತು ನನಗ. ಅಂಜಲಿ ನಿನ್ನ ಮುಂದ ಎಲ್ಲಾ ಹೇಳ್ಯಾಳ. ನನ್ನ ಬಾಯಿಂದನ ಬರಲಿ ಅಂತ ಕುಂತೀದಿ. ಕೇಳು ಹಂಗಾರ. ಸಂಕ್ರಾಂತಿ ಮುಂದ ನನ್ನ ಕಡೆ ಬಂದಿದ್ಲು. 'ಆಯೀ, ಹಿಂದಕ ಬಾಗಿದ್ರ ಚುಚ್ಚತೈತಿ' ಅಂದ್ಲು. ಚಳಕಂತ ತಿಳಕೊಂಡೆ. ಮೂರು ಮುಂಜಾನಿ ಒದ್ದೆ. ಹಗರಕ ಪ್ರೇಮ್ಯಾ, ದೇವರಾಣಿ ಹಗರಕ! ಮೂರನೇ ದಿನಾ ಅಂಗಳದಾಗ ಹಿಂದಕ ಬಾಗಿ ಕಮಾನ ಹಾಕಿ ತೋರಿಸಿದ್ಲು, 'ಹೋತ ಆಯೀ' ಅಂತ. ಯಾರ ಮುಂದೂ ಹೇಳಬ್ಯಾಡ ಅಂದೆ. ಹೇಳಿದ್ರ ಗುಣಾ ಆಗೂದಿಲ್ಲ. ಅದು ನಮ್ಮವ್ವನ ಕಾಲದಿಂದ ಬಂದ ಮಾತು, ನಾ ಹುಟ್ಟಿಸಿದ್ದಲ್ಲ.

ಹದಿನೈದು ದಿನಕ್ಕ ಹೊಳ್ಳಿ ಬಂದ್ಲು. ಮತ್ತ ನೋವಂತ. ಅರವತ್ತು ವರ್ಷ ನನ್ನ ಕಾಲು ಸುಳ್ಳಾಗಿಲ್ಲೋ... ನೀ ಯಾರ ಮುಂದೋ ಹೇಳೀದಿ, ಅದಕ್ಕ ತಿರಗಿ ಬಂದೈತಿ ಅಂದೆ. 'ಇಲ್ಲ ಆಯೀ, ನಿನ್ನಾಣಿ ಇಲ್ಲ' ಅಂದ್ಲು. ನಾ ನಂಬಲಿಲ್ಲ. ಬೈದೆ. ಸುಳ್ಳಿ ಅಂತ ಬೈದೆ. ಆಮ್ಯಾಲ ಆಕಿ ನೋವಂತ ಬರಲೇ ಇಲ್ಲ. ಗುಣಾ ಆತಂತ ತಿಳದೆ... ಇಲ್ಲ. ಖರೇ ಹೇಳ್ತೇನಿ. ದಿನಾ ಮುಂಜಾನೆ ಗ್ವಾಡಿ ಹಿಡಕೊಂಡು ಏಳತಿದ್ಲು. ನೋಡೇನಿ. ನೋಡಿ ಸುಮ್ಮನಿದ್ದೆ. ನನ್ನ ಹೆಸರ ಹೋಗ್ತೈತಂತ ಸುಮ್ಮನಿದ್ದೆ, ಸಾಕೇನು?

ಬೈ ಈಗ. ಆಕಿ ಹೇಳಿದ್ದಕ್ಕೂ ನಾ ಹೇಳಿದ್ದಕ್ಕೂ ತಾಳೆ ಆತಿಲ್ಲೋ? ...ಯಾಕೋ? ಯಾಕ ಹಂಗ ಬಾಯಿ ತೆರದಿ?

...ಹೇಳಿಲ್ಲಾ? ಡಾಕ್ಟರ್ ಮುಂದೂ ಹೇಳಿಲ್ಲಾ? ಅಷ್ಟು ಕೇಳಿದ್ರೂ?

ಅಯ್ಯೋ ನನ್ನವ್ವಾ... ಟೊಂಕಕ್ಕ ಪಟ್ಟಾ ಕಟಗೊಂಡು ಒಳಗ ಮಲಗೇತಿ ಕೂಸು, ಇನ್ನೂ ಬಾಯಿ ಮುಚಗೊಂಡೈತಿ. ಹೇಳದಿದ್ರ ಗುಣಾ ಆಗ್ತೈತಂತ... ಇನ್ನೂ ನನ್ನ ನಂಬ್ಯಾಳೋ ಪ್ರೇಮ್ಯಾ.