ಪಾತ್ರೆ ಅಂಗಡಿಯವನ ಭಾನುವಾರಗಳು

ಒಬ್ಬ ಶ್ರೀಮಂತನ ಹತ್ತಿರ ಭಾನುವಾರ ಇರಲಿಲ್ಲ.

ನಗಬೇಡಿ. ಮಿಕ್ಕಿದ್ದೆಲ್ಲ ಇತ್ತು. ನಮ್ಮಂಥದೇ ಒಂದು ಊರು. ಆ ಊರಿನ ದೊಡ್ಡ ಪೇಟೆಬೀದಿಯಲ್ಲಿ ಅವನದು ಮೂರು ಅಂತಸ್ತಿನ ಪಾತ್ರೆ ಅಂಗಡಿ. ಕೆಳಗೆ ಸ್ಟೀಲು, ನಡುವೆ ಹಿತ್ತಾಳೆ ತಾಮ್ರ, ಮೇಲೆ ಬೆಳ್ಳಿ. ಬೆಳ್ಳಿಯ ಕೌಂಟರಿನಲ್ಲಿ ಅವನ ಹೆಂಡತಿಯೇ ಕೂರುತ್ತಿದ್ದಳು. ಬಾಗಿಲ ಮೇಲೆ ದೊಡ್ಡ ಬೋರ್ಡು: 'ಹೆಸರು ಹಾಕುವುದು ಉಚಿತ'. ನಿಮಗೆಲ್ಲ ಗೊತ್ತಿರುವುದೇ. ಮದುವೆಗೆ ಮುಯ್ಯಿ ಕೊಡುವ ಚೊಂಬಿರಲಿ, ಗೃಹಪ್ರವೇಶಕ್ಕೆ ಕೊಡುವ ತಟ್ಟೆಯಿರಲಿ, ಕೊಟ್ಟವರ ಹೆಸರನ್ನು ಪುಟ್ಟ ಮಿಷಿನ್ನಿನಲ್ಲಿ ಕೆತ್ತಿ ಕೊಡುತ್ತಾರೆ. ನಿಮ್ಮ ಅಡುಗೆಮನೆಯಲ್ಲಿ ಹುಡುಕಿ, ಎಂದೋ ತೀರಿಕೊಂಡ ಸೋದರಮಾವ ಇವತ್ತಿಗೂ ಸಾರಿನ ಪಾತ್ರೆಯ ಮೇಲೆ ಇದ್ದಾನೆ.

ಮತ್ತೆ ಭಾನುವಾರ ಯಾಕಿರಲಿಲ್ಲ? ಪೇಟೆಗೆ ವಾರದ ರಜೆ ಸೋಮವಾರ. ಭಾನುವಾರವೇ ಭರ್ತಿ ವ್ಯಾಪಾರ. ಅವನಿಗೆ ಒಬ್ಬಳೇ ಮಗಳು. ಅವಳ ಶಾಲೆಗೆ ರಜೆ ಭಾನುವಾರ. ಸೋಮವಾರ ಅಪ್ಪ ಎದ್ದು ಕಾಫಿ ಕುಡಿಯುವ ಹೊತ್ತಿಗೆ ಮಗಳು ಶಾಲೆಯ ವ್ಯಾನು ಹತ್ತಿರುತ್ತಿದ್ದಳು. ಒಂದೇ ಮನೆ, ಎರಡು ಕ್ಯಾಲೆಂಡರು.

ನೋಡಿ, ಅವನು ಕೆಟ್ಟವನಲ್ಲ. ಕೆಟ್ಟವನ ಕಥೆ ಹೇಳಿದರೆ ನೀವೆಲ್ಲ ಹಾಯಾಗಿ ಮನೆಗೆ ಹೋಗುತ್ತೀರಿ, ಅದಕ್ಕೇ ಒಳ್ಳೆಯವನ ಕಥೆ ಹೇಳುತ್ತಿದ್ದೇನೆ. ಮಗಳ ಭಾನುವಾರ ಹಾಳಾಗಬಾರದು ಎಂಬ ಕಾಳಜಿ ಅವನಿಗಿತ್ತು. ಮಾಲಿನಲ್ಲಿ ಮಕ್ಕಳ ಆಟದ ಕೇಂದ್ರಕ್ಕೆ ವರ್ಷವಿಡೀ ನಡೆಯುವ ಪಾಸು ಮಾಡಿಸಿದ. ಕಾರು ಕೊಟ್ಟ, ಡ್ರೈವರನನ್ನು ಕೊಟ್ಟ. ಎಲ್ಲ ಕೊಟ್ಟ. ತನ್ನೊಬ್ಬನನ್ನು ಬಿಟ್ಟು.

ಮಗಳಿಗೆ ಆರು ತುಂಬಿದ ವಾರ ಮಾಲಿನಲ್ಲಿ ಏನೋ ಕೆಟ್ಟು ಆಟದ ಕೇಂದ್ರ ಮುಚ್ಚಿತ್ತು. ಡ್ರೈವರ್ ಕಾರನ್ನು ನಗರದ ಗ್ರಂಥಾಲಯದ ಮುಂದೆ ತಂದು ನಿಲ್ಲಿಸಿದ. ವಿದ್ಯೆಯ ಮೇಲಿನ ಪ್ರೀತಿಗಲ್ಲ, ಅಲ್ಲೊಂದು ದೊಡ್ಡ ಮರದ ನೆರಳಿತ್ತು. ಒಳಗಿನಿಂದ ಮಕ್ಕಳು ನಗುವ ಸದ್ದು ಬಂತು. ಹುಡುಗಿ ಇಳಿದು ಓಡಿದಳು.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ವರದಿ ಒಪ್ಪಿಸಿದಳು.

"ಅಪ್ಪ, ಲೈಬ್ರರೀಲಿ ಪ್ರತಿ ಭಾನುವಾರ ಹತ್ತು ಗಂಟೆಗೆ ಮನೆ ಕಥೆ ಅಂತ ಮಾಡ್ತಾರೆ. ನೀನು ಬರ್ಬೇಕು."

"ಮನೆ ಕಥೆ ಅಂದ್ರೆ?"

"ಮನೆಯಿಂದ ಬಂದ ದೊಡ್ಡೋರು, ಅವರು ಚಿಕ್ಕೋರಿದ್ದಾಗ ಏನಾಯ್ತು ಅಂತ ಹೇಳ್ಬೇಕು. ನಾವು ಕೇಳ್ಬೇಕು. ಆರು ವರ್ಷದಿಂದ ಹನ್ನೆರಡು ತುಂಬೋವರೆಗೂ ಹೋಗ್ಬೋದು."

"ಟಿಕೆಟ್ ಎಷ್ಟಂತೆ?"

"ಟಿಕೆಟ್ಟೇ ಇಲ್ಲ. ಫ್ರೀ!"

"ಪುಕ್ಕಟೆ ಜಾಗದಲ್ಲಿ ಏನಿರತ್ತೆ ಬಂಗಾರ? ಧೂಳಿರತ್ತೆ."

"ನಮ್ಮಂಗ್ಡೀಲಿ ಹೆಸರು ಹಾಕೋದೂ ಫ್ರೀ ಅಲ್ವಾ? ಅಲ್ಲೂ ಧೂಳೇನಾ?"

ಹೆಂಡತಿ ಸಾರು ಬಡಿಸುವುದನ್ನು ಬಿಟ್ಟು ನಕ್ಕಳು. ಅವನೂ ನಕ್ಕ. ನಕ್ಕು, "ಮುಂದಿನ ವಾರ ನೋಡೋಣ" ಎಂದ.

ಈ ಮಾತು ಎಲ್ಲೋ ಕೇಳಿದ ಹಾಗಿದೆಯೇ? ಇರಲಿ. ಮುಂದೆ ಕೇಳಿ.

ಮುಂದಿನ ವಾರ ಮದುವೆಯ ಲಗ್ನಗಳು. ಅದರ ಮುಂದಿನ ವಾರ ಹಬ್ಬ. ಹಬ್ಬ ಕಳೆದ ಮೇಲೆ ದಾಸ್ತಾನಿನ ಲೆಕ್ಕ. ವಾರವಾರವೂ ಡ್ರೈವರೇ ಹುಡುಗಿಯನ್ನು ಕರೆದುಕೊಂಡು ಹೋದ. ಕಥೆ ಮುಗಿದ ಮೇಲೆ ಇಬ್ಬರೂ ಊರು ಸುತ್ತುತ್ತಿದ್ದರು. ರೈಲ್ವೆ ಸ್ಟೇಷನ್ನಿನ ಹೊರಗಿನ ಮೇಲ್ಸೇತುವೆಯ ಮೇಲೆ ನಿಂತು ಗೂಡ್ಸ್ ರೈಲಿನ ಡಬ್ಬಿ ಎಣಿಸುವುದು. ಕೆರೆಯ ಏರಿಯ ಮೇಲೆ ನಡೆದು, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆಗಳನ್ನು ನೋಡುವುದು. ಪಾರ್ಕಿನಲ್ಲಿ ಬಿದ್ದ ಗುಲ್‌ಮೊಹರ್ ಕಾಯಿ ಆರಿಸಿ ಕತ್ತಿವರಸೆ ಮಾಡುವುದು. ಯಾವುದಕ್ಕೂ ಟಿಕೆಟ್ಟಿಲ್ಲ.

"ಅಪ್ಪ, ಇವತ್ತಿನ ಗೂಡ್ಸಿಗೆ ಐವತ್ತೆಂಟು ಡಬ್ಬಿ!"

"ಹೌದಾ? ಭೇಷ್" ಎನ್ನುತ್ತಿದ್ದ, ಫೋನು ನೋಡುತ್ತ.

ಎರಡು ವರ್ಷವಾಯಿತು. ಒಂದು ದಿನ ಅವನಿಗೇ ಏನೋ ಚುರುಕ್ಕೆಂದಿತು. ಇವತ್ತು ಮಗಳ ಜೊತೆ ಹೋಗಿಯೇ ತೀರಬೇಕು ಎಂದು ನಿಶ್ಚಯಿಸಿದ. ಒಳ್ಳೆಯದಲ್ಲವೇ? ಒಳ್ಳೆಯದೇ. ಆದರೆ ಯಾವ ದಿನ ನಿಶ್ಚಯಿಸಿದ? ಸೋಮವಾರ. ಅವನ ರಜೆಯ ದಿನ! ಮಗಳಿಗೆ ಹೊಟ್ಟೆನೋವು ಎಂದು ಶಾಲೆಗೆ ಚೀಟಿ ಬರೆದು, ತಾನೇ ಕಾರು ಓಡಿಸಿಕೊಂಡು ಗ್ರಂಥಾಲಯಕ್ಕೆ ಹೋದ. ಗೇಟಿಗೆ ಬೀಗ. 'ಸೋಮವಾರ ರಜೆ.' ಮ್ಯೂಸಿಯಮ್ಮಿಗೆ ಹೋದ. ಅಲ್ಲೂ ಸೋಮವಾರ ರಜೆ. ಮತ್ತೆ ಗ್ರಂಥಾಲಯಕ್ಕೇ ಬಂದ. ಅವನೆಂದರೆ ಸುಮ್ಮನೆಯೇ? ಊರಿನ ದೊಡ್ಡವರೆಲ್ಲ ಪರಿಚಯ. ಫೋನು ತೆಗೆದ.

"ತಡಿ ಬಂಗಾರ, ಬಾಗಿಲು ತೆಗೆಸ್ತೀನಿ."

ಕಾವಲುಗಾರ ಬೀಡಿ ಆರಿಸಿ ಹತ್ತಿರ ಬಂದ. "ಬಾಗಿಲೇನು ಸಾರ್, ನೀವು ಹೇಳಿದ್ರೆ ನಾನೇ ತೆಗೀತೀನಿ. ಕಥೆ ಕೇಳೋ ಮಕ್ಕಳನ್ನ ಎಲ್ಲಿಂದ ತರ್ಲಿ?"

ಅವನು ಫೋನು ಜೇಬಿಗಿಟ್ಟ. ಇಬ್ಬರೂ ಐಸ್‌ಕ್ರೀಮ್ ತಿಂದು ಮನೆಗೆ ಬಂದರು. ಮಗಳು ಆಮೇಲೆ ಕರೆಯುವುದನ್ನು ನಿಲ್ಲಿಸಿದಳು. ಅವನಿಗೆ ಏನನ್ನಿಸಿತು ಗೊತ್ತೇ? ನಿರಾಳ ಅನ್ನಿಸಿತು. ಮಕ್ಕಳು ಕೇಳುವುದನ್ನು ನಿಲ್ಲಿಸಿದಾಗ ನಮಗೆಲ್ಲ ಹಾಗೇ ಅನ್ನಿಸುತ್ತದೆ. ಬುದ್ಧಿ ಬಂತು, ದೊಡ್ಡವಳಾದಳು ಎನ್ನುತ್ತೇವೆ.

ನಾಲ್ಕು ವರ್ಷ ಹೀಗೇ ಹೋಯಿತು. ಮಗಳಿಗೆ ಹನ್ನೆರಡು ತುಂಬುವ ಮುಂಚಿನ ಕೊನೆಯ ಭಾನುವಾರ. ಬೆಳಿಗ್ಗೆ ಡ್ರೈವರ್ ಕಾರು ಒರೆಸುತ್ತ, "ಯಜಮಾನ್ರೇ, ಇವತ್ತೇ ಪಾಪುದು ಕೊನೆ ಸಲ. ಇನ್ಮೇಲೆ ಒಳಗೆ ಬಿಡಲ್ಲ" ಎಂದ. ಹೇಳಿದ್ದು ಅಷ್ಟೇ. ಶ್ರೀಮಂತ ಅಂಗಡಿಯ ಬೀಗದ ಗೊಂಚಲನ್ನು ಹೆಂಡತಿಯ ಕೈಗಿಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತ. ಅಪ್ಪ ಬರುತ್ತಾನೆಂದು ಗೊತ್ತಾದಾಗ ಮಗಳ ಮುಖ ಅರಳಬೇಕಿತ್ತು. ಅರಳಲಿಲ್ಲ. ಉಗುರು ಕಚ್ಚತೊಡಗಿದಳು. ಅವನಿಗೆ ಅರ್ಥವಾಗಲಿಲ್ಲ.

ಜಮಖಾನದ ಮೇಲೆ ಮೂವತ್ತು ಮಕ್ಕಳು. ಗ್ರಂಥಾಲಯದ ಮೇಡಂ ಎದ್ದು ಬಂದು ಕೈಮುಗಿದರು.

"ಅಂತೂ ಬಂದ್ರಲ್ಲ ಸಾರ್! ನಿಮ್ಮನ್ನ ಕಣ್ಣಲ್ಲಿ ನೋಡಿರ್ಲಿಲ್ಲ ಅಷ್ಟೇ, ನೀವು ನಮಗೆಲ್ಲ ಚೆನ್ನಾಗಿ ಗೊತ್ತು."

ಅಂಗಡಿಯ ಹೆಸರು ಇಲ್ಲಿಗೂ ಮುಟ್ಟಿದೆ ಎಂದು ಅವನಿಗೆ ಖುಷಿಯಾಯಿತು. ಕೂತು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಮುಂದೆ ಕೂತಿದ್ದ ಹಲ್ಲುಬಿದ್ದ ಹುಡುಗ ಕೈಯೆತ್ತಿದ.

"ಅಂಕಲ್, ಎಮ್ಮೆ ಬಾಲ ಹಿಡ್ಕೊಂಡು ಕೆರೆ ದಾಟಿದ್ದು ನೀವೇ ಅಲ್ವಾ?"

"ಇವರೇ ಕಣೋ! ಆ ಎಮ್ಮೆ ಹೆಸರು ಬೆಳ್ಳಿ" ಎಂದಳು ಪಕ್ಕದವಳು. ಎಲ್ಲರೂ ನಕ್ಕರು.

"ಜೇನು ಕಚ್ಚಿ ಮುಖ ಊದಿ, ಮೇಷ್ಟ್ರು ನಿಮ್ಮನ್ನ ಹೊಸ ಹುಡುಗ ಅಂದ್ಕೊಂಡು ಹಾಜರಿ ಪುಸ್ತಕದಲ್ಲಿ ಹೆಸರು ಬರ್ಕೊಳಕ್ಕೆ ಹೋದ್ರಂತೆ, ನಿಜಾನಾ ಅಂಕಲ್?"

ಶ್ರೀಮಂತನಿಗೆ ಮೂರನೇ ಅಂತಸ್ತಿನ ಬೆಳ್ಳಿ ಗೊತ್ತು. ಎಮ್ಮೆ ಬೆಳ್ಳಿ ಗೊತ್ತಿಲ್ಲ. ಹುಟ್ಟಿ ಬೆಳೆದದ್ದು ಪೇಟೆಬೀದಿಯಲ್ಲಿ, ಅಂಗಡಿಯ ಹಿಂದಿನ ಮನೆಯಲ್ಲಿ. ಈಜು ಬಾರದು. ಮಗಳ ಕಡೆ ನೋಡಿದ. ಅವಳು ಜಮಖಾನದ ದಾರ ಕೀಳುತ್ತಿದ್ದಳು. ಬಾಗಿಲ ಕಡೆ ನೋಡಿದ. ಅಲ್ಲಿ ಡ್ರೈವರ್ ತಲೆ ತಗ್ಗಿಸಿ ನಿಂತಿದ್ದ. ಆಗ ತಿಳಿಯಿತು. ಆರು ವರ್ಷ ಈ ಮನುಷ್ಯ ಇದೇ ಜಾಗದಲ್ಲಿ ಕೂತು, ತನ್ನ ಕೆರೆ, ತನ್ನ ಎಮ್ಮೆ, ತನ್ನ ಜೇನು, ತನ್ನ ಮೇಷ್ಟರು ಎಲ್ಲವನ್ನೂ 'ನಮ್ಮ ಯಜಮಾನ್ರು ಚಿಕ್ಕೋರಿದ್ದಾಗ' ಎಂದು ಹೇಳುತ್ತ ಬಂದಿದ್ದಾನೆ.

ಮೂವತ್ತು ಮಕ್ಕಳು ಕಾಯುತ್ತಿದ್ದರು. ಅಲ್ಲ ಎಂದರೆ ಮಗಳು ಸುಳ್ಳಿಯಾಗುತ್ತಾಳೆ.

"ಹೌದು, ನಾನೇ" ಎಂದ.

ಅವನ ಪಾಲಿಗೆ ಇಷ್ಟು ಬರೆದುಕೊಳ್ಳಿ: ಆ ಹೊತ್ತಿನಲ್ಲಿ ಅವನು ಮಗಳನ್ನು ಕಾಪಾಡಿದ. ಆದರೆ ಮಕ್ಕಳು ಬಿಡುತ್ತಾರೆಯೇ? "ಹಂಗಾದ್ರೆ ನೀವೇ ಹೇಳಿ, ಕೆರೆ ಮಧ್ಯ ಏನಾಯ್ತು?" ಏನಾಯಿತು? ಅವನಿಗೇನು ಗೊತ್ತು? ಕೊನೆಗೆ ಮಗಳು ಎದ್ದು ನಿಂತಳು. "ಅಪ್ಪಂಗೆ ನಾಚಿಕೆ. ನಾನು ಹೇಳ್ತೀನಿ." ಕೆರೆಯ ಮಧ್ಯೆ ಎಮ್ಮೆ ಹಟ ಹಿಡಿದು ನಿಂತದ್ದು, ಹುಡುಗ ಅದರ ಬೆನ್ನೇರಿ ಹಾಡು ಹೇಳಿದ ಮೇಲೆಯೇ ಹೊರಟದ್ದು, ಎಲ್ಲ ಹೇಳಿದಳು. ಅಪ್ಪ ತನ್ನ ಬಾಲ್ಯವನ್ನು ಮೊದಲ ಸಲ ಕೇಳಿದ. ಮಕ್ಕಳು ನಕ್ಕ ಕಡೆ ತಾನೂ ನಕ್ಕ.

ವಾಪಸ್ಸು ಬರುವಾಗ ಕಾರಿನಲ್ಲಿ ಕೇಳಿದ, "ಯಾಕಮ್ಮ ಹಂಗೆ ಹೇಳ್ಸಿದೆ?"

"ಎಲ್ಲರ ಹತ್ರನೂ ಅವರಪ್ಪನ ಕಥೆ ಇತ್ತು. ನಿಂದು ನಂಗೆ ಗೊತ್ತಿರ್ಲಿಲ್ಲ" ಎಂದಳು. ಅಳಲಿಲ್ಲ, ಸಿಟ್ಟೂ ಇರಲಿಲ್ಲ. ಉಪ್ಪು ಎಲ್ಲಿದೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

ಡ್ರೈವರ್ ಮುಂದೆ ನೋಡುತ್ತಲೇ ಹೇಳಿದ, "ತಪ್ಪಾಯ್ತು ಯಜಮಾನ್ರೇ. ಮೊದಲ್ನೇ ಸಲ ಪಾಪು ಅತ್ತುಬಿಡ್ತು. ನಂದೇನು ಸವೆದು ಹೋಗತ್ತಾ ಅಂತ ಕೊಟ್ಟೆ."

ಆಗ ಶ್ರೀಮಂತ ತನ್ನ ಕಥೆ ಹೇಳಿದ. ಇತ್ತು, ಅವನ ಹತ್ತಿರವೂ ಒಂದು ಕಥೆ ಇತ್ತು! ಅವನಿಗೆ ಎಂಟು ವರ್ಷ. ಅಪ್ಪ ಊಟಕ್ಕೆ ಎದ್ದು ಹೋದಾಗ ಹೆಸರು ಕೆತ್ತುವ ಮಿಷಿನ್ನು ಕೈಗೆ ಸಿಕ್ಕಿತು. ಯಾರದೋ ಮದುವೆಗೆ ತೆಗೆದಿಟ್ಟಿದ್ದ ಅರವತ್ತು ಲೋಟಗಳಿಗೂ ತನ್ನ ಹೆಸರು ಕೆತ್ತಿಬಿಟ್ಟ. ಮದುವೆಮನೆಯಲ್ಲಿ ಅರವತ್ತು ಜನ ಅವನ ಹೆಸರಿನ ಲೋಟದಲ್ಲಿ ಪಾನಕ ಕುಡಿದು, ಈ ಮಹಾದಾನಿ ಯಾರಪ್ಪ ಎಂದು ಹುಡುಕಾಡಿದರು. ಒಳ್ಳೆಯ ಕಥೆ. ಎಮ್ಮೆಯ ಕಥೆಗೆ ಯಾವುದರಲ್ಲೂ ಕಡಿಮೆಯಿಲ್ಲ. ಚೆನ್ನಾಗಿಯೇ ಹೇಳಿದ.

ಮಗಳು ಪೂರ್ತಿ ಕೇಳಿದಳು. ಕೇಳಿ, ಮುಂದಿನ ಸೀಟಿಗೆ ಬಾಗಿ ಕೇಳಿದಳು, "ಮಾಮ, ಇದು ನಿಜಾನಾ?"

ಡ್ರೈವರಿಗೆ ಹೇಗೆ ಗೊತ್ತಿರಲು ಸಾಧ್ಯ? ಆ ಲೋಟಗಳ ಕಾಲಕ್ಕೆ ಅವನು ಇನ್ನೆಲ್ಲೋ ಎಮ್ಮೆ ಮೇಯಿಸುತ್ತಿದ್ದ. ಆದರೂ ಕನ್ನಡಿಯಲ್ಲಿ ಒಮ್ಮೆ ಯಜಮಾನನ ಮುಖ ನೋಡಿ, "ನಿಜ ಪಾಪು, ನಿಜ" ಎಂದ.

ಆಗ ಮಗಳು ನಂಬಿದಳು.

"ಮುಂದಿನ ವಾರ ಅಲ್ಲಿ ಇದನ್ನೇ ಹೇಳ್ತೀನಿ" ಎಂದ ಅಪ್ಪ.

"ಮುಂದಿನ ವಾರ ನನ್ನ ಬಿಡಲ್ಲಪ್ಪ. ಬುಧವಾರಕ್ಕೆ ಹನ್ನೆರಡು ತುಂಬತ್ತೆ."

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ಇವತ್ತು ಯಾವ ವಾರ? ಭಾನುವಾರ. ನೀವಿಲ್ಲಿ ಕೂತಿದ್ದೀರಿ. ಮಕ್ಕಳು ಎಲ್ಲಿದ್ದಾರೆ? ಮನೆಯಲ್ಲಿ, ಫೋನಿನ ಜೊತೆ. ಫೋನು ನಿಮ್ಮ ಡ್ರೈವರ್. ಆದರೆ ಆ ಡ್ರೈವರಿಗಿದ್ದ ದೊಡ್ಡ ಮನಸ್ಸು ಫೋನಿಗಿಲ್ಲ. ಅದು ಯಾರ ಯಾರ ಬಾಲ್ಯವನ್ನೋ ನಿಮ್ಮ ಮಕ್ಕಳಿಗೆ ತುಂಬುತ್ತದೆ, ಒಂದು ಸಲವೂ ನಿಮ್ಮ ಹೆಸರು ಹೇಳುವುದಿಲ್ಲ. ಮೊನ್ನೆ ಇಲ್ಲಿಯೇ ಒಬ್ಬರು ಕೇಳಿದರು, "ಸ್ವಾಮಿ, ಈ ಊರಲ್ಲಿ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು, ಕಾಲಿಟ್ಟ ಕಡೆ ದುಡ್ಡು." ಕೆರೆಗೆ ಟಿಕೆಟ್ ಇದೆಯೇ? ಮೇಲ್ಸೇತುವೆಗೆ ಇದೆಯೇ? ಪಾರ್ಕಿನ ಮರ ನಿಮ್ಮ ಜೇಬು ನೋಡುತ್ತದೆಯೇ? ಗ್ರಂಥಾಲಯದಲ್ಲಿ ಕೂತು ಓದಲು ಯಾರಾದರೂ ಕೈಚಾಚುತ್ತಾರೆಯೇ? ಅಲ್ಲೆಲ್ಲ ಕೇಳುವುದು ಒಂದೇ ಒಂದು, ನೀವು ಬರಬೇಕು. ಅದೊಂದೇ ನಿಮಗೆ ದುಬಾರಿಯಾಗಿದೆ.

ಆದ್ದರಿಂದ ಮುಂದಿನ ಭಾನುವಾರ ಈ ಸಭೆಗೆ ಬರಬೇಡಿ. ನಾನೇ ಹೇಳುತ್ತಿದ್ದೇನೆ, ಬರಬೇಡಿ. ನನ್ನ ಮಾತು ಹದಿನೈದು ದಿನ ಬಿಟ್ಟು ಕೇಳಿದರೂ ಕೆಡುವುದಿಲ್ಲ. ಬೆಳಿಗ್ಗೆ ಫೋನನ್ನು ಅಡುಗೆಮನೆಯ ಡಬ್ಬಿಯಲ್ಲಿಟ್ಟು, ಮಗುವಿನ ಕೈಹಿಡಿದು ಹೊರಗೆ ಹೊರಡಿ. ಮಗ್ಗಿ ಕೇಳಬೇಡಿ, ಪರೀಕ್ಷೆಯ ಮಾತು ಎತ್ತಬೇಡಿ. ರಜೆ ನಿಮ್ಮದಲ್ಲದಿದ್ದರೆ ಒಂದು ಹೊತ್ತು ಅಂಗಡಿ ಇನ್ನೊಬ್ಬರಿಗೆ ಒಪ್ಪಿಸಿ, ಮಗುವಿನ ರಜೆಯ ದಿನ ಹೋಗಿ, ನಿಮ್ಮ ರಜೆಯ ದಿನ ಅಲ್ಲ. ದಾರಿಯಲ್ಲಿ ನೀವು ಎಂಟು ವರ್ಷದವರಿದ್ದಾಗ ಮಾಡಿದ ಒಂದು ತಪ್ಪನ್ನು ಹೇಳಿ. ತಪ್ಪೇ ಇರಲಿ. ಮಕ್ಕಳು ಅದನ್ನು ಮರೆಯುವುದಿಲ್ಲ.

ಅಂಗಡಿಯವನ ಕಥೆ ನಿಮಗೆ ಹೇಳಿದ್ದಾಯಿತು, ಇನ್ನು ಅವನ ಲೆಕ್ಕ. ಆರರಿಂದ ಹನ್ನೆರಡಕ್ಕೆ ಆರು ವರ್ಷ. ವರ್ಷಕ್ಕೆ ಐವತ್ತೆರಡರಂತೆ ಮುನ್ನೂರ ಹನ್ನೆರಡು ಭಾನುವಾರ. ಅವನು ಹೋದದ್ದು ಒಂದಕ್ಕೆ.

ಕಳೆದುಕೊಂಡದ್ದು ಮುನ್ನೂರ ಹನ್ನೊಂದು.