ತೊಂದರೆಗಳ ಕಾಲಂ

ನಗಬೇಡ ಅಕ್ಕ. ನಿನ್ನಾಣೆಗೂ ಒಂದಕ್ಕೆ ಎರಡು ಸೇರಿಸಿ ಹೇಳ್ತಿಲ್ಲ. ಕಪ್ಪೆ ಥರ ಕುಪ್ಪಳಿಸಿ ಅಂದ್ರು, ಕುಪ್ಪಳಿಸಿದ್ವಿ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಷ್ಟ್ರುಗಳು, ಅಷ್ಟು ದೊಡ್ಡ ಹಾಲ್‌ನಲ್ಲಿ, ಪ್ಯಾಂಟು ಮಂಡಿ ಮೇಲೆ ಎಳ್ಕೊಂಡು... ಥೂ! ನೆನೆಸಿಕೊಂಡ್ರೆ ಈಗಲೂ ಮೈ ಉರಿಯುತ್ತೆ. ಯಾಕೆ ಅಂತ ಕೇಳಿದ್ದಕ್ಕೆ, ಹೊಸ ಪಠ್ಯಕ್ರಮ ಬಂದಿದೆ, ಮಕ್ಕಳು ಆಡ್ತಾ ಕಲೀಬೇಕು, ಮೊದಲು ನೀವು ಮಕ್ಕಳಾಗಿ ಅಂದ್ರು. ಯಾರಾ? ಅವರೇ, ಮೇಲಿನ ಆಫೀಸಿಂದ ನಮಗೆ ಹೇಳಿಕೊಡೋಕೆ ಬಂದ ಚಪ್ಪಾಳೆ ಸಾಹೇಬರು. ಮಾತಿಗೊಂದು ಚಪ್ಪಾಳೆ. ಜನ್ಮದಲ್ಲಿ ಒಂದು ಸಲ ಒಂದನೇ ಕ್ಲಾಸಿನ ಮಗುವಿನ ಮೂಗು ಒರೆಸಿಲ್ಲ, ಆ ಮನುಷ್ಯ ನನಗೆ ಮಗುವಿನ ಮನಸ್ಸು ಹೇಳಿಕೊಡ್ತಾನೆ.

ಐದು ದಿನದ ತರಬೇತಿ ಅಕ್ಕ. ಅವರು ಪರದೆ ನೋಡ್ಕೊಂಡು ಓದೋದು, ನಾವು ಬರ್ಕೊಳ್ಳೋದು. ಆಮೇಲೆ ಇಲ್ಲಿಗೆ ಬಂದು ಅದನ್ನೇ ನಾವು ನಿಮಗೆ ಓದೋದು. ಇಡೀ ದೇಶದಲ್ಲಿ ಹೀಗೇ ಓದ್ತಾ ಇದ್ದಾರಂತೆ. ಸಂಪನ್ಮೂಲ ವ್ಯಕ್ತಿ ಅಂತೆ, ನಾನು! ...ಕೂತ್ಕೋ, ಯಾಕೆ ನಿಂತೇ ಇದ್ದೀಯ? ಬ್ಯಾಗಾದ್ರೂ ಕೆಳಗಿಡು. ಶಾಲೆಯಿಂದ ನೇರ ಬಂದ್ಯಾ? ಕೈಯೆಲ್ಲ ಸೀಮೆಸುಣ್ಣ.

ಆದ್ರೆ ನಿಮಗೆ ತರಬೇತಿ ಕೊಟ್ಟಾಗ ನಾನು ಹಾಗೆಲ್ಲ ಆಡಿಸಲಿಲ್ಲ. ಆಡಿಸಿದ್ನಾ? ...ಹಾಗೆ ನೋಡಬೇಡ. ಸರಿ, ಒಂದು ಸಲ ಕುಪ್ಪಳಿಸಿದ್ರಿ. ಆಫೀಸಿಗೆ ಫೋಟೋ ಕಳಿಸಬೇಕಿತ್ತು ಕಣಕ್ಕ. ಹನ್ನೊಂದು ಗಂಟೆಯೊಳಗೆ ಫೋಟೋ ಹೋಗ್ಲಿಲ್ಲ ಅಂದ್ರೆ ಫೋನ್ ಬರುತ್ತೆ. ನಿನಗೆ ಮಂಡಿನೋವು ಅಂತ ನಿನ್ನನ್ನ ಹಿಂದಿನ ಸಾಲಲ್ಲಿ ನಿಲ್ಲಿಸಿದೆ. ಅಷ್ಟಾದ್ರೂ ಒಪ್ಕೋ.

ನಿನ್ನ ಪ್ರಶ್ನೆನಾ? ಮರೆತಿಲ್ಲ, ಮರೆಯೋದು ಹೇಗೆ! ಇಡೀ ಹಾಲ್‌ನಲ್ಲಿ ಎದ್ದು ನಿಂತವಳು ನೀನೊಬ್ಬಳೇ. ಒಂದೇ ಕೋಣೆ, ಐದು ಕ್ಲಾಸು, ಮೂವತ್ತೆಂಟು ಮಕ್ಕಳು, ಒಬ್ಬಳೇ ಟೀಚರ್. ಹೊಸ ಪುಸ್ತಕದಲ್ಲಿ ಐದೂ ಕ್ಲಾಸಿಗೆ ಬೇರೆ ಬೇರೆ ಚಟುವಟಿಕೆ, ಎಲ್ಲದಕ್ಕೂ ಟೀಚರ್ ಪಕ್ಕದಲ್ಲೇ ಕೂತಿರಬೇಕು. ಇನ್ನೊಬ್ಬರನ್ನ ಕೊಡದೆ ಹೇಗೆ ಮಾಡಲಿ ಅಂತ ಕೇಳಿದೆ ನೀನು. ಒಂದನೇ ಕ್ಲಾಸಿನವು ಮೂರು ತಿಂಗಳಿಂದ ಗೋಡೆ ನೋಡ್ಕೊಂಡು ಕೂತಿವೆ, ಅಕ್ಷರ ತಿದ್ದಿಸೋಕೂ ನನಗೆ ಪುರುಸೊತ್ತಿಲ್ಲ ಅಂದೆ. ಬರೆದು ಕೊಡಿ ಟೀಚರ್, ಮೇಲಕ್ಕೆ ಕಳಿಸ್ತೀನಿ ಅಂದೆ ನಾನು. ಅಕ್ಕ ಅನ್ನದೆ ಟೀಚರ್ ಅಂದೆ, ಅದಕ್ಕೂ ಸಿಟ್ಟಾ?

ಕಳಿಸಿದೆ.

ಕಳಿಸಿದೆ ಅಂದ್ನಲ್ಲ! ವರದಿಯಲ್ಲಿ ಅದಕ್ಕೇ ಅಂತ ಒಂದು ಕಾಲಂ ಇರುತ್ತೆ. 'ಶಿಕ್ಷಕರು ಹೇಳಿದ ತೊಂದರೆಗಳು.' ಅದರಲ್ಲಿ ನಿನ್ನ ಮಾತನ್ನೇ ಮೊದಲು ಬರೆದೆ, ದೇವರಾಣೆಗೂ ಬರೆದೆ. ಆಫೀಸಿನ ಗುಮಾಸ್ತ ಓದಿ ನೋಡಿ, ಹಾಳೆ ನನ್ನ ಕೈಗೇ ವಾಪಸ್ ಕೊಟ್ಟ. ಏನಂದ ಗೊತ್ತಾ? ಶಿಕ್ಷಕರಿಗೆ ತೊಂದರೆ ಇದೆ ಅಂದ್ರೆ ನಿಮಗೆ ತರಬೇತಿ ಕೊಡೋಕೆ ಬರಲ್ಲ ಅಂತ ಅರ್ಥ ಮೇಷ್ಟ್ರೇ. ಚೆನ್ನಾಗಿ ಕೊಟ್ಟಿದ್ರೆ ತೊಂದರೆ ಎಲ್ಲಿಂದ ಬರ್ತಿತ್ತು? ...ನೋಡು, ಎಂಥಾ ಹೊಲಸು ತರ್ಕ! ಪಕ್ಕದ ಹಾಲ್‌ನಲ್ಲಿ ತರಬೇತಿ ಕೊಡ್ತಿದ್ದವನು ನಾಲ್ಕು ತೊಂದರೆ ಬರೆದು ಹಠ ಹಿಡಿದ. ಮರುದಿನವೇ ವಾಪಸ್ ಶಾಲೆಗೆ ಅಟ್ಟಿದ್ರು.

ಹೂಂ. ಅವನ ಶಾಲೆಗೇ. ಮೇಷ್ಟ್ರಿಗೆ ಶಾಲೆಗೆ ಹೋಗೋದು ಶಿಕ್ಷೆನಾ ಅಂತ ಕೇಳ್ಬೇಕು ಅನ್ಸುತ್ತೆ ಅಲ್ವಾ ನಿನಗೆ? ಕೇಳು. ನನಗಂತೂ ಮತ್ತೆ ಆ ಗಲಾಟೆ, ಆ ಬೆಲ್ಲು, ಆ ಕಿತ್ತುಹೋದ ಬೋರ್ಡು... ಆಗಲ್ಲ ಅಕ್ಕ. ನನ್ನಿಂದ ಆಗಲ್ಲ. ಹೇಳಿಕೊಳ್ಳೋಕೆ ನನಗೇ ಅಸಹ್ಯ ಆಗುತ್ತೆ.

ಅದಕ್ಕೇ... ಅಳಿಸಿ 'ಇಲ್ಲ' ಅಂತ ಬರೆದೆ. ಯಾವ ತೊಂದರೆಯೂ ಇಲ್ಲ. ಎಲ್ಲರೂ ಹಾಗೇ ಬರೀತಾರೆ. ಬೈಯಿ, ಬೈದುಬಿಡು.

ಏನದು, ಕಾಗದ? ಕೊಡಿಲ್ಲಿ. ...ಆಫೀಸಿಂದ ಬಂದಿರೋದು. ಇನ್ನೊಬ್ಬ ಟೀಚರ್ ಬೇಕು ಅಂತ ಅರ್ಜಿ ಹಾಕಿದ್ಯಾ? ನನಗೆ ಒಂದು ಮಾತು ಹೇಳಬಾರದಿತ್ತಾ? ...'ತಮ್ಮ ಶಾಲೆಯಲ್ಲಿ ಯಾವುದೇ ತೊಂದರೆ ಇಲ್ಲವೆಂದು ತರಬೇತಿ ವರದಿಗೆ ತಾವೇ ಸಹಿ ಮಾಡಿರುವುದರಿಂದ, ಅರ್ಜಿಯನ್ನು ತಿರಸ್ಕರಿಸಲಾಗಿದೆ...'

ಇದು ಆ ಗುಮಾಸ್ತನ ಕೆಲಸ. ಏನೋ ಎಡವಟ್ಟಾಗಿದೆ. ನಾಳೆ ಬೆಳಿಗ್ಗೆ ನಾನೇ ಹೋಗಿ...

'ಸಹಿ' ಅನ್ನೋದ್ರ ಮೇಲೆ ಹಾಗೆ ಬೆರಳಿಡಬೇಡ ಅಕ್ಕ.

ಸರಿ. ಸರಿ, ಹೇಳ್ತೀನಿ. ವರದಿ ಕೆಳಗೆ ಶಿಕ್ಷಕರ ಪರವಾಗಿ ಒಬ್ಬರ ಸಹಿ ಬೇಕಿತ್ತು. ಕೊನೇ ದಿನ ಸಂಜೆ ನೀನು ಬಾಗಿಲ ಹತ್ರ ಚಪ್ಪಲಿ ಹಾಕ್ಕೊಳ್ತಿದ್ದೆ, ಬಸ್ಸಿಗೆ ಹೊತ್ತಾಗ್ತಿತ್ತು. ಫಾರಂ ಮಡಚಿ ಹಿಡ್ಕೊಂಡು ಬಂದು, ಇಲ್ಲಿ ಹಾಕು ಅಂತ ಬೆರಳಿಟ್ಟು ತೋರಿಸಿದೆ. ಅರವತ್ತು ಜನ ಇದ್ರು ಅವತ್ತು, ಯಾರನ್ನ ಬೇಕಾದ್ರೂ ಕೇಳಬಹುದಿತ್ತು. ಆದ್ರೆ ಬೇರೆಯವರು ಓದಿ ಸಹಿ ಹಾಕ್ತಿದ್ರು ಅಕ್ಕ. ನಾನು ಕೊಟ್ಟಿದ್ದನ್ನ ನೀನು ಓದಲ್ಲ ಅಂತ ನನಗೆ ಗೊತ್ತಿತ್ತು.