ಅಳಿಸಿದರೂ ಉಳಿದ ಒಂದು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇದು ನಮ್ಮ ಪಕ್ಕದ ಮನೆಯ ಇಲ್ಕಾನಿಗೆ ಆದದ್ದು. ಅವನ ಮುರಿದ ಪಕ್ಕೆಲುಬನ್ನು ನಾನೇ ಮುಟ್ಟಿ ನೋಡಿದ್ದೇನೆ. ಒಲೆಗೆ ಇನ್ನೊಂದು ಕೊರಡು ಹಾಕಿ, ಹೇಳುತ್ತೇನೆ.

ನವೆಂಬರ್ ತಿಂಗಳು. ಸಂಜೆ ಐದಕ್ಕೇ ಕಗ್ಗತ್ತಲು. ಹಲಗೆ ಮುಚ್ಚಿದ ಹಳೇ ಬಾವಿಯ ಪಕ್ಕದ ದಾರಿಯಲ್ಲಿ ಇಲ್ಕಾ ಬೇಟೆ ಸಂಘದ ಶೆಡ್ಡಿಗೆ ಹೊರಟಿದ್ದ. ಬೂಟಿನ ಕೆಳಗೆ ಹಿಮ... ಕರಕ್, ಕರಕ್. ಬಾವಿ ದಾಟಿದ ಮೇಲೆ ಹಿಂದಿನಿಂದ ಇನ್ನೊಂದು ಸದ್ದು. ಕರಕ್... ಸರ್ರ್. ಕರಕ್... ಸರ್ರ್. ಒಂದು ಕಾಲು ಊರಿ ಇನ್ನೊಂದನ್ನು ಎಳೆದ ಹಾಗೆ. ಇಲ್ಕಾ ನಿಂತ. ಅದೂ ನಿಂತಿತು. ತಿರುಗಿ ಟಾರ್ಚು ಬಿಟ್ಟರೆ ಹಿಮದ ಮೇಲೆ ಅವನ ಹೆಜ್ಜೆಗಳು ಮಾತ್ರ.

ನರಿ ಇರಬೇಕು ಅಂದುಕೊಂಡ. ಕುಂಟುವ ನರಿ! ಹೆದರಿದವನ ಬುದ್ಧಿ ಹಾಗೇ.

ಆ ಶೆಡ್ಡಿನಲ್ಲಿ ನಾವು ಹೊಡೆದ ಮೂಸ್ ಜಿಂಕೆಯನ್ನು ಕೊಕ್ಕೆಗೆ ಸಿಕ್ಕಿಸಿ, ಮೋಟಾರಿನಿಂದ ಸರಪಳಿ ಎಳೆಸಿ, ಮೇಲೇರಿಸಿ ಚರ್ಮ ಸುಲಿಯುತ್ತೇವೆ. ಅಲ್ಲೇ ಮೂಲೆಯಲ್ಲಿ ಸಂಘದ ಇಂಟರ್ನೆಟ್ ಫೋರಂ ನಡೆಸುವ ಸರ್ವರ್. ಜಾಗ ತಣ್ಣಗಿದೆ, ಇನ್ನೇನು ಬೇಕು ಅಂತ ನಮ್ಮವರ ವಾದ. ಇಪ್ಪತ್ತು ವರ್ಷದಿಂದ ಸುತ್ತಲಿನ ಊರಿನ ಬೇಟೆಗಾರರು ಹಾಕಿದ ಫೋಟೋಗಳು, ಎರಡು ಲಕ್ಷ, ಎಲ್ಲ ಒಂದೇ ಫೋಲ್ಡರಿನಲ್ಲಿ ಕಿಕ್ಕಿರಿದಿದ್ದವು. ಫೋರಂನಲ್ಲಿ ಬರೆದದ್ದನ್ನು ಅಳಿಸಿದರೂ ಅದರ ಜೊತೆ ಹಾಕಿದ ಫೋಟೋ ಹೋಗುತ್ತಿರಲಿಲ್ಲ. ಯಾರ ಕಣ್ಣಿಗೂ ಬೀಳದೆ ಸರ್ವರಿನಲ್ಲೇ ಬಿದ್ದಿರುತ್ತಿತ್ತು. ಇದು ಸರ್ವರ್ ನೋಡಿಕೊಳ್ಳುವ ಇಲ್ಕಾನೊಬ್ಬನಿಗೆ ಗೊತ್ತಿದ್ದ ಸಂಗತಿ. ಹಿಂದಿನ ದಿನ ಕಾಫಿ ಕುಡಿಯುವಾಗ ಬಾಯಿಬಿಟ್ಟ.

"ಅಳಿಸಿದ್ದೆಲ್ಲ ಹಂಗೇ ಇದ್ಯಾ?" ಅಂದ ಸಂಘದ ಮುಖ್ಯಸ್ಥ ರೈಮೋ. ಕೈಲಿದ್ದ ಬನ್ನು ತಟ್ಟೆಗೆ ಬಿತ್ತು.

"ಮೂರು ಸಾವಿರ ಅನಾಥ ಫೋಟೋ ಇದಾವೆ ಮಾರಾಯ. ಡಿಸ್ಕು ತುಂಬಿ ತುಳುಕ್ತಿದೆ."

"ನಾಳೆನೇ ತೆಗೆದು ಬಿಸಾಕು. ಒಂದೂ ಉಳೀಬಾರ್ದು."

ಇಲ್ಕಾನಿಗೆ ಅನುಮಾನ ಬರಲಿಲ್ಲ. ಅವನ ತಲೆಯ ತುಂಬ ಇದ್ದವನು ತಮ್ಮ ವೇಸಾ. ಅಕ್ಟೋಬರಿನ ಬೇಟೆಯಲ್ಲಿ ಕುಂಟ ಕಲೇವಿ ಎದೆಗೆ ಗುಂಡು ಬಿದ್ದು ಸತ್ತಿದ್ದ. ಗುಂಡು ಎದೆ ತೂರಿ ಕಾಡಿನಲ್ಲೆಲ್ಲೋ ಹೋಯಿತು, ಸಿಗಲಿಲ್ಲ. ಆ ಹೊತ್ತಿನಲ್ಲಿ ಆ ಕಡೆ ಗುಂಡು ಹಾರಿಸಿದವನು ವೇಸಾ ಒಬ್ಬನೇ ಅಂತ ಎಲ್ಲರೂ ಹೇಳಿದರು. ಸೋಮವಾರ ಕೋರ್ಟು. ವೇಸಾ ಸರಿಯಾಗಿ ಊಟ ಮಾಡಿ ವಾರವಾಗಿತ್ತು.

ಶೆಡ್ಡಿನಲ್ಲಿ ಪ್ಲಗ್ಗು ಹಾಕಲು ಇರುವ ಜಾಗ ಎರಡೇ. ಒಂದರಲ್ಲಿ ಸರ್ವರ್. ಇನ್ನೊಂದರಿಂದ ಮೋಟಾರಿನ ಪ್ಲಗ್ಗು ಕಿತ್ತು ಮೇಜಿನ ಮೇಲಿಟ್ಟು, ನಕಲು ಇಡುವ ಡಿಸ್ಕಿನದನ್ನು ಸಿಕ್ಕಿಸಿದ. ಇದು ನೆನಪಿರಲಿ.

ಅನಾಥ ಫೋಟೋಗಳು: 3,112. ಅಳಿಸಿದ. ಉಳಿದದ್ದು: 1.

ಮತ್ತೆ ಅಳಿಸಿದ. ಉಳಿದದ್ದು: 1.

ತೊಟ್... ಕೊಕ್ಕೆಯಿಂದ ಸಿಮೆಂಟು ನೆಲಕ್ಕೆ ಏನೋ ಹನಿಯಿತು. ಆ ವಾರ ಅಲ್ಲಿ ಒಂದು ಮೊಲವನ್ನೂ ನೇತುಹಾಕಿರಲಿಲ್ಲ. ತೊಟ್... ತೊಟ್...

ಮೂರನೇ ಸಲ ಅಳಿಸಲು ಬೆರಳಿಟ್ಟಾಗ, ಕಿವಿಯ ಪಕ್ಕದಲ್ಲೇ ಯಾರೋ ಉಸಿರೆಳೆದರು. ಸುಂಯ್... ಬಾಯಿಯಿಂದಲ್ಲ. ಎದೆಯ ಮಟ್ಟದಿಂದ, ಯಾವುದೋ ತೂತಿನಿಂದ.

"ತೆಗೆದು... ನೋಡೋ..."

ಇಲ್ಕಾ ಆ ಫೋಟೋ ತೆರೆದ.

ಕಲೇವಿಗೆ ಒಂದು ಚಾಳಿ. ಅಟ್ಟಣೆ ಹತ್ತಿ ಕೂತ ಕೂಡಲೇ ಎದುರಿನ ಕಾಡಿನ ಫೋಟೋ ತೆಗೆದು, ನಾಲ್ಕು ಮಾತು ಬರೆದು, ಅಲ್ಲಿಂದಲೇ ಫೋರಂಗೆ ಹಾಕುವುದು. ಸತ್ತ ದಿನವೂ ಹಾಕಿದ್ದ. ಫೋಟೋದಲ್ಲಿ, ನಲವತ್ತು ಹೆಜ್ಜೆ ದೂರದಲ್ಲಿ, ಕಿತ್ತಳೆ ಟೋಪಿಯ ರೈಮೋ. ಎರಡು ಕಿಲೋಮೀಟರ್ ಆಚೆ ಇದ್ದೆ ಅಂತ ಪೊಲೀಸರಿಗೆ ಹೇಳಿದ್ದ ಅದೇ ರೈಮೋ. ಬಂದೂಕು ಭುಜಕ್ಕೇರಿತ್ತು. ನಳಿಗೆ ನೇರವಾಗಿ ಫೋಟೋ ತೆಗೆದವನ ಕಡೆಗೆ. ಕಾಡಿನ ಗಡಿಗಾಗಿ ಇಬ್ಬರಿಗೂ ಹತ್ತು ವರ್ಷದ ಹಗೆ. ಉಳಿದವರೆಲ್ಲ ಕಾಡಿನಿಂದ ಹೊರಬರುವಷ್ಟರಲ್ಲಿ ಕಲೇವಿ ಬರೆದದ್ದನ್ನು ರೈಮೋ ಮುಖ್ಯಸ್ಥನ ಅಧಿಕಾರದಲ್ಲಿ ಅಳಿಸಿದ್ದ. ಫೋಟೋನೂ ಹೋಯಿತು ಅಂದುಕೊಂಡಿದ್ದ.

ಬಾಗಿಲು... ಕಿರ್ರ್...

"ಮುಗೀತಾ?" ರೈಮೋ ನಿಂತಿದ್ದ.

"ಒಂದು ಉಳ್ದಿದೆ."

ರೈಮೋ ಪರದೆ ನೋಡಿದ. ದನಿ ಇಳಿಸಿದ. "ಅಳಿಸು ಇಲ್ಕಾ. ವೇಸಾ ಇನ್ನೂ ಚಿಕ್ಕೋನು. ಹೋದ್ರೆ ಒಂದೆರಡು ವರ್ಷ, ಬಂದ್ಬಿಡ್ತಾನೆ."

"ಥೂ ಪಾಪಿ! ನನ್ನ ತಮ್ಮನ್ನ ಬಲಿ ಕೊಡ್ತೀಯೇನೋ?"

ರೈಮೋ ಗೋಡೆಯ ಕೊಡಲಿ ಕಿತ್ತುಕೊಂಡ. ಅದರ ಹಿಂಬದಿಯಿಂದ ಇಲ್ಕಾನ ಪಕ್ಕೆಗೆ ಬಾರಿಸಿದ. ಲಟಕ್! ಇಲ್ಕಾ ಕುಸಿದ. ರೈಮೋ ಬೂಟುಗಾಲಿನಿಂದ ಅವನ ಬಾಯಿಗೆ ಒದ್ದ. ಎರಡು ಹಲ್ಲು ನೆಲದ ಮೇಲೆ ಉರುಳಿದವು. ಆಮೇಲೆ ಸರ್ವರಿನ ಮುಂದೆ ನಿಂತು ಕೊಡಲಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದ.

ಕರಕ್... ಸರ್ರ್...

ಗುಂಯ್... ಎಂದು ಮೋಟಾರು ಮೊರೆಯಿತು. ಸರಪಳಿ ಕಿಣ್, ಕಿಣ್, ಕಿಣ್ ಎನ್ನುತ್ತ ಇಳಿಯಿತು. ಕೊಕ್ಕೆ ಹಿಂದಿನಿಂದ ಬಂದು ರೈಮೋನ ಹೆಗಲ ಮೂಳೆಯ ಕೆಳಗೆ ಹೊಕ್ಕಿತು. ಕಚಕ್! ಮುಂದಿನಿಂದ ಮೊನೆ ಹೊರಬಂತು. ಕೊಡಲಿ ಠಣ್ಣನೆ ಬಿತ್ತು. ಸರಪಳಿ ಅವನನ್ನು ಮೂಸ್ ಜಿಂಕೆಯ ಹಾಗೆ ನಿಧಾನವಾಗಿ ಮೇಲೆಳೆಯಿತು. ಬಿಸಿ ರಕ್ತ ಇಲ್ಕಾನ ಮುಖದ ಮೇಲೆ ಸುರಿಯಿತು.

"ಇಳಿಸೋ!" ರೈಮೋ ಅರಚಿದ. ಅವನು ಕೆಳಗೆ ಇಲ್ಕಾನನ್ನು ನೋಡುತ್ತಿರಲಿಲ್ಲ. ಮೇಲೆ ತೊಲೆಯನ್ನು ನೋಡುತ್ತಿದ್ದ. "ತಪ್ಪಾಯ್ತು ಕಲೇವಿ... ಇಳಿಸೋ!"

ಇಲ್ಕಾ ಕರೆಸಿದ ಆಂಬುಲೆನ್ಸ್ ಬರುವಷ್ಟರಲ್ಲಿ ರೈಮೋನ ಕಾಲಾಡುವುದು ನಿಂತಿತ್ತು.

ಪೊಲೀಸರು ಮೋಟಾರು ನೋಡಿದರು. ಮೇಜಿನ ಮೇಲೆ ಬಿದ್ದಿದ್ದ ಅದರ ಪ್ಲಗ್ಗನ್ನೂ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು 'ಅಪಘಾತ' ಅಂತ ಬರೆದುಕೊಂಡು, ಕಲೇವಿ ತೆಗೆದ ಫೋಟೋದ ನಕಲು ಒಯ್ದರು. ವೇಸಾ ಬಿಡುಗಡೆಯಾದ. ಅವತ್ತು ಮೂರು ಬಟ್ಟಲು ಬಟಾಣಿ ಸೂಪು ಕುಡಿದು, ಅಣ್ಣನ ಹೆಗಲಿಗೆ ತಲೆಯಿಟ್ಟು ಅತ್ತ.

ಹಿಮ ಕರಗಿದ ಮೇಲೆ ಇಲ್ಕಾ ಎರಡು ಲಕ್ಷ ಫೋಟೋಗಳನ್ನೂ ಸಾವಿರ ಸಾವಿರದಂತೆ ಬೇರೆ ಬೇರೆ ಫೋಲ್ಡರಿಗೆ ಹಂಚಿದ. ಪೊಲೀಸರು ನಕಲು ಒಯ್ದಿದ್ದ ಫೋಟೋವನ್ನು ಪ್ರತ್ಯೇಕವಾಗಿ ಇಟ್ಟ. ಕೊನೆಗೆ ಅನಾಥ ಉಳಿದಿವೆಯಾ ಅಂತ ನೋಡಿದ. ಉಳಿದದ್ದು: 1.

ನನ್ನನ್ನು ಕರೆದು ತೋರಿಸಿದ. ಸುಳ್ಳಾದರೆ ನನ್ನ ನಾಲಿಗೆ ಸೇದಿಹೋಗಲಿ, ಈ ಕಣ್ಣಿಂದಲೇ ನೋಡಿದ್ದೇನೆ. ಶೆಡ್ಡಿನ ಒಳಗಿನ ಫೋಟೋ. ತೊಲೆಯ ಮೇಲಿಂದ ತೆಗೆದದ್ದು. ಕೆಳಗೆ ನೆಲದ ಮೇಲೆ ಇಲ್ಕಾ. ಹತ್ತಿರಕ್ಕೆ ಏರಿ ಬರುತ್ತಿರುವ ಒಂದು ಕಿತ್ತಳೆ ಟೋಪಿ. ಅವತ್ತಿನದೇ ತಾರೀಖು, ಸಂಜೆ ಐದು ನಲವತ್ತು.

ಹಾಕಿದವರ ಹೆಸರು, ಕಲೇವಿ.